ಕಪಾಟಿನ ಮೇಲಿನ ದನಿ

ಜೂನ್ ೩, ಮಂಗಳವಾರ

ತಮ್ಮ ಬಂದಿದ್ದ. ಬರಿಗೈಯಲ್ಲಿ ಬರಲಿಲ್ಲ, ಎರಡು ಪ್ಲಾಸ್ಟಿಕ್ ಡಬ್ಬಿ ತಂದ. ಎಳೆಮಗುವಿನ ಕೋಣೆಯಲ್ಲಿ ಇಡುವ ಯಂತ್ರವಂತೆ. ಒಂದು ಅಪ್ಪನ ಕೋಣೆಯ ಕಪಾಟಿನ ಮೇಲೆ, ಇನ್ನೊಂದು ಮುಂದಿನ ನನ್ನ ಕೆಲಸದ ಕೋಣೆಯಲ್ಲಿ. ಅಪ್ಪ ಕೆಮ್ಮಿದರೆ ನನ್ನ ಡಬ್ಬಿಯ ಕೆಂಪು ದೀಪ ಹೊಳೆದು ಸದ್ದು ಕೇಳಿಸುತ್ತದೆ. ಗುಂಡಿ ಒತ್ತಿ ನಾನು ಮಾತಾಡಿದರೆ ಅಪ್ಪನಿಗೆ ಕೇಳಿಸುತ್ತದೆ.

"ನೀನು ಪದೇ ಪದೇ ಎದ್ದು ಓಡೋದು ತಪ್ಪುತ್ತೆ ಅಕ್ಕ," ಅಂದ.

"ವಾರಕ್ಕೊಂದಿನ ನೀನು ಬಂದು ಕೂತ್ರೂ ತಪ್ಪುತ್ತೆ," ಅಂದೆ. ನಕ್ಕ, ಚಹಾ ಕುಡಿದ, ಹೊರಟುಹೋದ. ಊರಿಗೆ ಉಪಕಾರಿ, ಮನೆಗೆ ಮಾರಿ.

ಆದರೆ ಯಂತ್ರ ಬೇಕಾಗಿತ್ತು, ಸುಳ್ಳು ಹೇಳಬಾರದು. ಸೋಫಾ ಬಟ್ಟೆ ಹೊಲಿಯುವ ನನ್ನ ಮಷೀನು ಶುರುವಾದರೆ ಪಕ್ಕದಲ್ಲಿ ಗೋಡೆ ಬಿದ್ದರೂ ಕೇಳಿಸುವುದಿಲ್ಲ. ಹೋದ ವಾರ ಅಪ್ಪ ಮಂಚದಿಂದ ಜಾರಿ, ಎಷ್ಟು ಹೊತ್ತು ನೆಲದ ಮೇಲಿದ್ದರೋ. ಎತ್ತಲು ಹೋದವಳನ್ನು ನೋಡಿ, "ಯಾರಮ್ಮಾ? ಉಪದೇಶಿಗಳು ಮನೇಲಿಲ್ಲ," ಅಂದರು. ಆ ಉಪದೇಶಿ ಇವರೇ. ಜೀವಮಾನವಿಡೀ ಚರ್ಚಿನ ಸಭೆಯಲ್ಲಿ ಪ್ರಸಂಗ ಮಾಡಿದವರು. ಜನ ಗುಡುಗು ಉಪದೇಶಿ ಎಂದು ಕರೆಯುತ್ತಿದ್ದರು. ದೇವರ ಭಯ ಇಲ್ಲದ ಮನೆ ಬಾಗಿಲಿಲ್ಲದ ಮನೆ ಎಂದು ಅವರು ಮೇಜು ಗುದ್ದಿದರೆ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರ ಜೀವ ಬಾಯಿಗೆ ಬರುತ್ತಿತ್ತು. ಈಗ ಗುಡುಗೂ ಇಲ್ಲ, ಮಗಳು ಯಾರೆಂಬ ನೆನಪೂ ಇಲ್ಲ.

ಎರಡು ಡಬ್ಬಿಗಳನ್ನೂ ಒಂದೇ ಕೋಣೆಯಲ್ಲಿಟ್ಟರೆ ಕಿವಿ ಹರಿಯುವಂತೆ ಕಿರುಚುತ್ತವೆ. ತಮ್ಮ ತೋರಿಸಿಕೊಡುವಾಗ ಅಪ್ಪ ಕಂಬಳಿಯೊಳಗೆ ತಲೆ ಹುದುಗಿಸಿಬಿಟ್ಟರು.

ಜೂನ್ ೫, ಗುರುವಾರ

ಬರೆಯುವಾಗಲೂ ನಗು ಬರುತ್ತಿದೆ.

ಬೆಳಿಗ್ಗೆ ಹಳೆ ಸೋಫಾದ ಮೊಳೆ ಕೀಳುತ್ತಿದ್ದೆ. ಕೆಂಪು ದೀಪ ಹೊಳೆಯಿತು. ಮಂಚ ಕಿರುಗುಟ್ಟಿತು, ಊರುಗೋಲು ದಡಾರನೆ ಬಿತ್ತು. ಅಪ್ಪ ಎದ್ದು ನಿಲ್ಲಲು ನೋಡುತ್ತಿದ್ದಾರೆ, ಓಡುವಷ್ಟು ಹೊತ್ತಿಲ್ಲ. ಗುಂಡಿ ಒತ್ತಿ ಕೂಗಿದೆ: "ಕೂತ್ಕೋ! ಏಳ್ಬೇಡ!"

ಹುಟ್ಟಿದಾಗಿನಿಂದ ಅಪ್ಪನಿಗೆ 'ನೀವು' ಬಿಟ್ಟು ಬೇರೆ ಮಾತು ಆಡಿದವಳಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಬಂತು.

ಒಳಗೆ ಹೋಗಿ ನೋಡಿದರೆ ಅವರು ಮಂಚದ ತುದಿಯಲ್ಲಿ ಕೈಮುಗಿದುಕೊಂಡು ಕೂತಿದ್ದರು. ಮುಖ ಕಪಾಟಿನ ಕಡೆಗೆ. "ಅಪ್ಪಣೆಯಾಗಲಿ ಕರ್ತನೇ. ನಿನ್ನ ಆಳು ಇಲ್ಲೇ ಇದ್ದಾನೆ."

ಆಮೇಲೆ ನನ್ನನ್ನು ಕಂಡು ಪಿಸುಗುಟ್ಟಿದರು. "ತಲೆ ಮೇಲೆ ಬಟ್ಟೆ ಹಾಕ್ಕೊಳ್ಳಮ್ಮಾ. ಅವನು ಬಂದಿದ್ದಾನೆ."

"ಹಾಕ್ಕೊಳ್ಳೋಲ್ಲ. ಅದು ಡಬ್ಬಿ," ಅಂದೆ. ಅಯ್ಯೋ ಪಾಪ ಎನ್ನುವ ಹಾಗೆ ನನ್ನನ್ನೇ ನೋಡಿದರು. ಅಮ್ಮ ತೀರಿಕೊಂಡ ಮೇಲೆ ನಾನು ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟವಳು. ಅಪ್ಪನ ದೇವರು ಅಪ್ಪನಿಗೇ ಇರಲಿ.

ಜೂನ್ ೯, ಸೋಮವಾರ

ಮಾತ್ರೆ ನುಂಗಿಸುವುದೆಂದರೆ ದಿನಾ ಒಂದು ಯುದ್ಧವಾಗಿತ್ತು. ಉಗುಳುವುದು, ದಿಂಬಿನಡಿ ಬಚ್ಚಿಡುವುದು, ನನ್ನ ಕೈ ಪರಚುವುದು. ಇವತ್ತು ಮಾತ್ರೆ, ನೀರು ಎರಡನ್ನೂ ಮೇಜಿನ ಮೇಲಿಟ್ಟು ಈಚೆ ಬಂದು ಗುಂಡಿ ಒತ್ತಿದೆ. "ಮಾತ್ರೆ ತಗೋ."

"ತಗೊಂಡೆ ಕರ್ತನೇ."

"ನೀರು ಪೂರ್ತಿ ಕುಡಿ."

"ಕುಡಿದೆ ಕರ್ತನೇ."

ಸ್ನಾನವೂ ಹಾಗೇ. ಬ್ರೆಡ್ಡು-ಹಾಲಿನ ತಟ್ಟೆ ನೆಕ್ಕಿದಂತೆ ಖಾಲಿ. ಮನೆಗೆ ಬಂದು ನೋಡಿಹೋಗುವ ನರ್ಸಮ್ಮ ರಕ್ತದೊತ್ತಡ ನೋಡಿ, "ಏನು ಮೋಡಿ ಮಾಡಿದ್ರಿ? ತಾತ ಇಷ್ಟು ಸಾಧು ಆಗ್ಬಿಟ್ಟಿದ್ದಾರೆ!" ಅಂದರು. ಏನು ಹೇಳಲಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ, ನಮ್ಮ ಮನೆಯಲ್ಲಿ ಎರಡೂ ನಾನೇ ಎನ್ನಲೇ? ನಕ್ಕುಬಿಟ್ಟೆ.

ತಪ್ಪೇನಿಲ್ಲ. ಬಡಿದು ನುಂಗಿಸುವುದಕ್ಕಿಂತ ಇದು ಮೇಲಲ್ಲವೇ.

ಜೂನ್ ೧೫, ಭಾನುವಾರ

ಸಭೆ ಮುಗಿಸಿಕೊಂಡು ಹೊಸ ಪಾಸ್ಟರ್ ಬಂದಿದ್ದರು. ಚಿಕ್ಕ ವಯಸ್ಸು, ಸದಾ ನಗುಮುಖ. ಡಬ್ಬಿಯ ವಿಷಯ ಅವರಿಗೆ ಹೇಳಿದೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತಿತ್ತು. ಅವರು ನಗಲಿಲ್ಲ.

"ಅಮ್ಮಾ, ದೇವರ ಭಯ ಅಂದ್ರೆ ಇದಲ್ಲ."

"ಮತ್ತೇನು?"

"ಗೌರವ. ಪ್ರೀತಿಯಿಂದ ಬರೋ ಭಯ. ಸಂತೇಲಿ ಮಗು ಅಪ್ಪನ ಕೈ ಹಿಡ್ಕೊಂಡಿರುತ್ತೆ. ಎಲ್ಲಿ ಕೈ ಬಿಟ್ಟುಹೋಗುತ್ತೋ ಅಂತ ಅದಕ್ಕೆ ಹೆದ್ರಿಕೆ. ಅಪ್ಪ ಹೊಡೀತಾನೆ ಅಂತ ಅಲ್ಲ. ಆ ಥರದ ಭಯ."

"ನಮ್ಮಪ್ಪನ ಕೈ ಹಿಡ್ಕೊಂಡು ಸಂತೆಗೆ ಹೋದೋಳು ನಾನು ಪಾಸ್ಟರೇ. ಎರಡೂ ಥರದ ಭಯ ಇತ್ತು," ಅಂದೆ.

ಅವರು ಎದ್ದು ಅಪ್ಪನ ಕೋಣೆಗೆ ಬಂದರು. ಅಪ್ಪನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು, ಬಲು ಮೆಲ್ಲಗೆ, ಮುದ್ದಾಗಿ. ಅಪ್ಪ ಅರ್ಧಕ್ಕೇ ಕಣ್ಣು ಬಿಟ್ಟು, "ಈ ಹುಡುಗ ಯಾರ ಹತ್ರ ಮಾತಾಡ್ತಿದ್ದಾನೆ?" ಎಂದು ಕೇಳಿದರು. ಪಾಪ, ಪಾಸ್ಟರ್ ಮುಖ ಕೆಂಪಾಯಿತು.

ಹೋಗುವಾಗ ಬಾಗಿಲಲ್ಲಿ ನಿಂತು, "ಆ ಡಬ್ಬಿ ತೆಗೆದುಬಿಡಿ," ಅಂದರು. ತೆಗೆದರೆ ಮಾತ್ರೆ ನುಂಗಿಸಲು ಇವರು ಬರುತ್ತಾರೆಯೇ? ಹೇಳುವವರಿಗೇನು.

ಜೂನ್ ೧೮, ಬುಧವಾರ

ದಂತವೈದ್ಯರೊಬ್ಬರು ಹೊದಿಸಲು ಕೊಟ್ಟ ಕುರ್ಚಿಗಳಿಗೆ ಅಂಗಡಿಯಿಂದ ತಪ್ಪಿ ಬೇರೆ ಬಣ್ಣದ ಬಟ್ಟೆ ಬಂದಿತ್ತು. ಅಂಗಡಿಗೇ ಹೋಗಿ ಕೇಳಿದೆ. "ಯಾಕಮ್ಮಾ ಹೀಗೆ ಗುಡುಗ್ತೀರಾ? ಬದಲಾಯಿಸಿಕೊಡ್ತೀನಿ ಅಂತಿದ್ದೀನಲ್ಲ," ಅಂದ ಅಂಗಡಿಯವನು. ನಾನೆಲ್ಲಿ ಗುಡುಗಿದೆ? ಕೇಳಿದೆ ಅಷ್ಟೇ. ಬದಲಾಯಿಸಿಕೊಟ್ಟ.

ಜೂನ್ ೨೨, ಭಾನುವಾರ

ಗುಂಡಿ ಒತ್ತುವ ಮೊದಲೇ ಅಪ್ಪ ನಡುಗುತ್ತಾರೆ. ಹಿಂದೆ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿತ್ತು ಎನ್ನೋಣ, ಗಮನ ಕೊಟ್ಟಿರಲಿಲ್ಲ. ಇವತ್ತು ಬಾಗಿಲ ಸಂದಿಯಿಂದ ನೋಡಿದೆ. ಕಪಾಟಿಗೆ ಬೆನ್ನು ಹಾಕುವುದಿಲ್ಲ. ಮೂತ್ರದ ಬಾಟಲಿ ಬೇಕಾದರೂ ಮೊದಲು ಅತ್ತ ತಿರುಗಿ ಅಪ್ಪಣೆ ಕೇಳುತ್ತಾರೆ.

ಮಧ್ಯಾಹ್ನ ದೀಪ ಹೊಳೆಯಿತು. ಮಷೀನು ನಿಲ್ಲಿಸಿ ಕಿವಿಯಿಟ್ಟೆ.

"ಕರ್ತನೇ, ಕೋಪ ಮಾಡ್ಕೋಬೇಡ, ಒಂದು ಮಾತು ಕೇಳ್ತೀನಿ. ನನ್ನ ಗುಬ್ಬಿ ಎಲ್ಲಿ? ಸಂತೇಲಿ ಕೈ ಹಿಡ್ಕೊಂಡೇ ಇದ್ಲು. ತಿರುಗಿ ನೋಡ್ತೀನಿ, ಇಲ್ಲ. ಈ ಮನೇಲಿ ಯಾರೋ ಒಬ್ಬಳು ಹೆಂಗಸಿದ್ದಾಳೆ, ಒಳ್ಳೆಯೋಳೇ. ಆದ್ರೆ ನನ್ನ ಮಗು ಅಲ್ಲ ಅವಳು."

ಗುಬ್ಬಿ ನಾನೇ. ಅಮ್ಮ ಹೋದ ಮೇಲೆ ಆ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ, ಈ ವಯಸ್ಸಿನಲ್ಲಿ, ಸ್ಪಂಜಿನ ರಾಶಿಯ ಮೇಲೆ ಕೂತು.

ಆಮೇಲೆ ಕಣ್ಣೊರೆಸಿಕೊಂಡು ಗುಂಡಿ ಒತ್ತಿದೆ. "ಬರ್ತಾಳೆ," ಅಂದೆ.

ಜೂನ್ ೨೩, ಸೋಮವಾರ

ಕೂದಲು ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಅಪ್ಪನ ಕೋಣೆಗೆ ಹೋದೆ. "ಅಪ್ಪಾ, ಬಂದೆ. ನಾನು ಗುಬ್ಬಿ," ಅಂದೆ.

"ಸ್ವಲ್ಪ ಪಕ್ಕಕ್ಕೆ ಸರಿಯಮ್ಮಾ," ಅಂದರು. "ಬಾಗಿಲು ಕಾಣಿಸ್ತಿಲ್ಲ. ನನ್ನ ಮಗಳು ಬರ್ತಾಳೆ ಈಗ."

ಸರಿದು ನಿಂತೆ. ಸಂಜೆಯ ತನಕ ಬಾಗಿಲು ನೋಡುತ್ತಿದ್ದರು.

ಜೂನ್ ೨೭, ಶುಕ್ರವಾರ

ಡಾಕ್ಟರು ಬಂದು ಹೋದರು. ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ. ಆಸ್ಪತ್ರೆಗೆ ಒಯ್ದರೆ ಸುಮ್ಮನೆ ಹಿಂಸೆ, ಇಲ್ಲೇ ಇರಲಿ ಎಂದರು. ಎಷ್ಟು ದಿನ ಎಂದು ಕೇಳಿದೆ. ಅವರು ಚೀಲದ ಜಿಪ್ಪು ಎಳೆಯುತ್ತ, "ಜೊತೇಲಿರಿ," ಎಂದಷ್ಟೇ ಹೇಳಿದರು.

ತಮ್ಮನಿಗೆ ಫೋನು ಮಾಡಿದೆ. ಅತ್ತ. ಬರುತ್ತೇನೆ ಅಂದ.

ಅಪ್ಪನನ್ನು ಉಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ, ಗೊತ್ತು. ಆದರೆ ಹೀಗೆ ಹೆದರಿ ಗುಬ್ಬಚ್ಚಿಯಾಗಿ ಸಾಯಲು ಬಿಡುವುದಿಲ್ಲ. ನನ್ನ ಇಡೀ ಬಾಲ್ಯ ಅವರ ದೇವರಿಗೆ ಹೆದರಿ ಕಳೆಯಿತು. ಕೊನೆಗಾಲದಲ್ಲಿ ಆ ದೇವರ ಬಾಯಿ ನನ್ನ ಕೈಯಲ್ಲಿದೆ. ಒಂದು ಒಳ್ಳೆಯ ಮಾತು ಹೇಳಿಸಲಾರೆನೇ?

ಜುಲೈ ೨, ಬುಧವಾರ

ಹೇಳಿಸಿದೆ.

ಏನು ಹೇಳಬೇಕೆಂದು ಎರಡು ದಿನ ಹೊಲಿಯುತ್ತ ಹೊಲಿಯುತ್ತ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದೆ. ಬೆಳಿಗ್ಗೆ ಬಿಸಿಲು ಅವರ ಹಾಸಿಗೆಗೆ ಬರುವ ಹೊತ್ತಿಗೆ ಗುಂಡಿ ಒತ್ತಿ, ಆದಷ್ಟು ಮೆಲ್ಲಗೆ ಹೇಳಿದೆ. "ಹೆದರಬೇಡ ಮಗು. ನಿನ್ನ ಮೇಲೆ ನನಗೆ ಕೋಪವಿಲ್ಲ. ಯಾವತ್ತೂ ಇರಲಿಲ್ಲ."

ಬೆರಳು ತೆಗೆದೆ. ದೀಪ ಹೊಳೆಯಿತು. ಆಮೇಲೆ ಆ ಹಳೆಯ ಗಂಟಲು, ಪ್ರಸಂಗದ ಗಂಟಲು, ಎಷ್ಟು ವರ್ಷಗಳ ನಂತರವೋ!

"ಯಾರು ನೀನು? ನನ್ನ ಕರ್ತನ ದನಿ ನಂಗೊತ್ತಿಲ್ವಾ? ಅವನು ಹೀಗೆ ಬೆಣ್ಣೆ ಹಚ್ಚಿ ಮಾತಾಡೋನಲ್ಲ. ತೊಲಗು ಸೈತಾನ!"

ಧಡ್ ಎಂದು ಸದ್ದಾಯಿತು. ಓಡಿಹೋದೆ. ಊರುಗೋಲನ್ನು ಕಪಾಟಿನತ್ತ ಎಸೆದಿದ್ದರು. ಡಬ್ಬಿಗೆ ತಾಗಿರಲಿಲ್ಲ, ನೀರಿನ ಜಗ್ಗು ಚೂರುಚೂರಾಗಿತ್ತು. "ನನ್ನ ದೇವರು ನನ್ನ ಬಿಟ್ಟು ಹೋದ, ಅವನ ಜಾಗದಲ್ಲಿ ಬೇರೆ ಯಾವನೋ ಬಂದು ಕೂತಿದ್ದಾನೆ," ಎಂದು ಗಾಜಿನ ಚೂರುಗಳ ನಡುವೆ ಕಾಲಿಟ್ಟುಕೊಂಡು ಅಳುತ್ತಿದ್ದರು.

ಮಾತ್ರೆ ಮುಟ್ಟಲಿಲ್ಲ. ಹಾಲನ್ನೂ ಮುಟ್ಟಲಿಲ್ಲ.

ಜುಲೈ ೪, ಶುಕ್ರವಾರ

ಎರಡು ದಿನದಿಂದ ಒಂದು ತೊಟ್ಟು ನೀರೂ ಒಳಗೆ ಹೋಗಿಲ್ಲ. ತುಟಿ ಒಡೆದಿದೆ. ನನ್ನ ಕೈಯಿಂದ ಬೇಡವಂತೆ, ನಾನು ಸೈತಾನನ ಅಡುಗೆಯವಳಂತೆ. ನಗಬೇಕೋ ಅಳಬೇಕೋ.

ಕೊನೆಗೆ ಗುಂಡಿ ಒತ್ತಿ ಹಳೆಯ ಹಾಗೆಯೇ ಗದರಿದೆ. "ಏನಿದು ಹಟ? ನೀರು ಕುಡಿ!"

"ಬಂದೆಯಾ ಕರ್ತನೇ!" ಆ ದನಿಯಲ್ಲಿದ್ದ ಸಂತೋಷ ಕೇಳಬೇಕಿತ್ತು. ಗಟಗಟನೆ ಕುಡಿದ ಸದ್ದು ಕೇಳಿಸಿತು.

ಆಗ ನನಗೊಂದು ಉಪಾಯ ಹೊಳೆಯಿತು. ಗದರಿಕೆಯಲ್ಲೇ ಹೇಳಿದರಾಯಿತು. "ಇನ್ನು ಮೇಲೆ ನೀನು ಹೆದರಬಾರದು. ಇದು ನನ್ನ ಆಜ್ಞೆ!"

"ಆಗಲಿ ಕರ್ತನೇ. ಪ್ರಯತ್ನ ಮಾಡ್ತೀನಿ."

ಜುಲೈ ೬, ಭಾನುವಾರ

ಪ್ರಯತ್ನ ಮಾಡುತ್ತಿದ್ದಾರೆ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿಯುತ್ತಾರೆ, ಅದೂ ನಡುಗುತ್ತದೆ. ಇವತ್ತು ದೀಪ ಹೊಳೆಯಿತು. "ತಪ್ಪಾಯ್ತು ಕರ್ತನೇ. ಹೆದ್ರಿಕೆ ಹೋಗ್ತಿಲ್ಲ. ನಿನ್ನ ಆಜ್ಞೆ ಮೀರಿದ್ದೀನಿ. ನನ್ನನ್ನ ಏನು ಮಾಡ್ತೀಯಾ?"

ಇದ್ದ ಭಯ ಸಾಲದೆಂದು ಹೆದರಿದ್ದಕ್ಕೇ ಹೆದರುವಂತೆ ಮಾಡಿದ್ದೇನೆ. ಮುಟ್ಟಿದ್ದೆಲ್ಲ ಮಣ್ಣಾಗುತ್ತಿದೆ.

ಪಾಸ್ಟರ್ ಬಂದಿದ್ದರು. ಈ ಸಲ ಏನೂ ಬೋಧಿಸಲಿಲ್ಲ. ಜೊತೆಗೆ ಕೂತರು, ಅಷ್ಟೇ. "ನನಗಾದ್ರೂ ಏನು ಗೊತ್ತಮ್ಮಾ. ನಾನೂ ಪುಸ್ತಕ ಓದಿ ಹೇಳಿದ್ದು," ಅಂದರು. ಮೊದಲ ಸಲ ಆ ಹುಡುಗನ ಮೇಲೆ ಪ್ರೀತಿ ಬಂತು. ಆದರೆ ಅದರಿಂದ ಅಪ್ಪನಿಗೇನು ಬಂತು?

ಜುಲೈ ೯, ಬುಧವಾರ

ಅಪ್ಪ ಏಳುವುದಿಲ್ಲ. ದಂತವೈದ್ಯರ ಕೆಲಸ ಮುಂದೂಡಿದೆ. ಹಗಲೆಲ್ಲ ಮಂಚದ ಪಕ್ಕ ಕುಳಿತು ಕೈ ಹಿಡಿದುಕೊಳ್ಳುತ್ತೇನೆ. ಬಿಡಿಸಿಕೊಳ್ಳುವುದಿಲ್ಲ. ನಾನು ಯಾರೆಂದು ಕೇಳುವುದೂ ಇಲ್ಲ. ಇವತ್ತು ನನ್ನ ಬೆರಳ ತುದಿಯ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಸೂಜಿ, ಮೊಳೆ ಚುಚ್ಚಿ ಚುಚ್ಚಿ ಒರಟಾದ ಬೆರಳು. ನಾಚಿಕೆಯಾಯಿತು.

ಕರ್ತನೇ ಎಂದು ಕರೆದಾಗ ಮಾತ್ರ ಎದ್ದು ಈಚೆ ಬರಬೇಕು. ಪಕ್ಕದಲ್ಲಿ ಕೂತು ಗುಂಡಿ ಒತ್ತಿದರೆ ಎರಡು ಡಬ್ಬಿಗಳೂ ಕಿರುಚುತ್ತವಲ್ಲ. ಒಂದೋ ಕೈ, ಇಲ್ಲವೇ ದನಿ. ಎರಡೂ ಆಗುವುದಿಲ್ಲ.

ಜುಲೈ ೧೧, ಶುಕ್ರವಾರ

ಅಪ್ಪ ಮಧ್ಯಾಹ್ನ ಹೋದರು.

ಊಟದ ಹೊತ್ತು. ಉಸಿರಾಟ ಬದಲಾಗಿತ್ತು. ನನ್ನ ಎಡಗೈ ಅವರ ಕೈಯಲ್ಲಿತ್ತು. ತಮ್ಮ ದಾರಿಯಲ್ಲಿದ್ದ. "ಕರ್ತನೇ, ಮಾತಾಡು," ಅಂದರು. ಸ್ವಲ್ಪ ಬಿಟ್ಟು ಮತ್ತೆ, "ಮಾತಾಡು." ಕಣ್ಣು ಕಪಾಟಿನ ಮೇಲೆ. "ಅಪ್ಪಾ, ನಾನಿದ್ದೀನಿ," ಅಂದೆ. ಅದು ಅವರ ಕಿವಿಗೆ ಬೀಳಲಿಲ್ಲ. "ಮಾತಾಡು ಕರ್ತನೇ." ಮುಖದಲ್ಲಿ ಎಂಥ ಭಯ! ಕೈ ಬಿಡಲು ನನಗೆ ಮನಸ್ಸಿರಲಿಲ್ಲ, ಇದನ್ನು ಮಾತ್ರ ಸತ್ಯವಾಗಿ ಬರೆಯುತ್ತಿದ್ದೇನೆ. ಆದರೆ ಅವರಿಗೆ ಬೇಕಾದದ್ದು ನಾನಲ್ಲ, ಅವನು ಎಂದುಕೊಂಡೆ. ಬೆರಳು ಒಂದೊಂದಾಗಿ ಬಿಡಿಸಿಕೊಂಡು ಎದ್ದೆ.

ಕೋಣೆಗಳ ನಡುವಿನ ಓಣಿಯಲ್ಲಿ ಅಂಟು ಒಣಗಲೆಂದು ಸೋಫಾದ ಚೌಕಟ್ಟು ಅಡ್ಡ ನಿಲ್ಲಿಸಿದ್ದೆ. ಅದರ ಸಂದಿಯಲ್ಲಿ ತೂರಿ ಮುಂದಿನ ಕೋಣೆಗೆ ಹೋಗಿ ಗುಂಡಿ ಒತ್ತಿದೆ. "ನಾನಿದ್ದೀನಿ. ಮಲಗು," ಎಂದು ಗದರಿದೆ.

ಬೆರಳು ತೆಗೆದೆ. ದೀಪ ಹೊಳೆಯಿತು.

"ಕರ್ತನೇ, ಇಲ್ಲೊಬ್ಬಳು ಹೆಂಗಸಿದ್ಲು. ಕೈ ಹಿಡ್ಕೊಂಡಿದ್ಲು. ಒರಟು ಕೈ. ನೀನು ಬಂದೆ, ಅವಳು ಎದ್ದು ಹೋದ್ಲು. ಅವಳನ್ನ ಕಳಿಸ್ಬೇಡ. ಅವಳು ಬರ್ಲಿ. ನಿನ್ನ ಹತ್ರ ಒಬ್ನೇ ಇರೋಕೆ ನಂಗೆ ಭಯ."

ಓಡಿದೆ. ಚೌಕಟ್ಟಿಗೆ ಸೆರಗು ಸಿಕ್ಕಿಕೊಂಡಿತು, ಹರಿದುಕೊಂಡು ಹೋದೆ. 'ಬರ್ತಾಳೆ' ಎಂದು ಗುಂಡಿ ಒತ್ತಿ ಹೇಳಬಹುದಿತ್ತು. ಅಷ್ಟೂ ಹೊಳೆಯಲಿಲ್ಲ.

ಅವರ ಕಣ್ಣು ಕಪಾಟಿನ ಕಡೆಗಿರಲಿಲ್ಲ, ಬಾಗಿಲ ಕಡೆಗಿತ್ತು. ಕೈ ಕಂಬಳಿಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಹಿಡಿದುಕೊಂಡೆ. ಬೆಚ್ಚಗಿತ್ತು, ಹಿಡಿತ ಇರಲಿಲ್ಲ.

ಜುಲೈ ೧೪, ಸೋಮವಾರ

ಮೊನ್ನೆ ಅಪ್ಪನ ಮಣ್ಣಾಯಿತು. ತುಂಬ ಜನ ಬಂದಿದ್ದರು. ಎಲ್ಲರ ಬಾಯಲ್ಲೂ ಅದೇ ಮಾತು, "ದೈವಭಯ ಇದ್ದ ಮನುಷ್ಯ. ಅಂಥೋರು ಈಗ ಎಲ್ಲಿದ್ದಾರೆ?" ತಮ್ಮ ಹೂಂಗುಟ್ಟುತ್ತಿದ್ದ. ಪಾಸ್ಟರ್ ಮಾತ್ರ ನನ್ನ ಕಡೆ ನೋಡಿದರು. ಅಪ್ಪನ ಕೊನೆಯ ಮಾತನ್ನು ಅವರಿಗೂ ಹೇಳಲಿಲ್ಲ. ಅದು ನುಂಗಲಾರದ ತುತ್ತು, ಉಗುಳಲೂ ಆಗುವುದಿಲ್ಲ.

ಜುಲೈ ೨೦, ಭಾನುವಾರ

ತಮ್ಮ ಫೋನು ಮಾಡಿದ್ದ. ಅವನ ಸ್ನೇಹಿತನಿಗೆ ಮಗುವಾಗಿದೆಯಂತೆ. "ಆ ಡಬ್ಬಿ ನಿಂಗೆ ಬೇಡ ಅಲ್ವಾ ಅಕ್ಕ?" ಅಂದ. ಕೆಟ್ಟುಹೋಗಿದೆ ಎಂದು ಸುಳ್ಳು ಹೇಳಿದೆ.

ಕುರ್ಚಿಗಳ ಕೆಲಸ ಹಾಗೇ ಬಿದ್ದಿದೆ. ಮಷೀನಿಗೆ ಕೈ ಹಾಕಲು ಮನಸ್ಸಿಲ್ಲ. ಕೆಂಪು ದೀಪ ಹೊಳೆಯುತ್ತದೇನೋ ಎಂದು ಬೆಳಗಿನಿಂದ ಎಷ್ಟು ಸಲ ನೋಡಿದೆನೋ. ಮಧ್ಯಾಹ್ನ ಅಪ್ಪನ ಕೋಣೆಗೆ ಹೋಗಿ ಅವರ ಮಂಚದ ತುದಿಯಲ್ಲಿ, ಅವರು ಕೂರುತ್ತಿದ್ದ ಜಾಗದಲ್ಲೇ ಕುಳಿತೆ. ಕಪಾಟಿನ ಮೇಲೆ ಡಬ್ಬಿ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಅವರು ನನ್ನನ್ನೇ ಕೇಳಿದ್ರಲ್ಲ," ಎಂದೆ. ಯಾರಿಗೆ ಎಂದೆನೋ. "ನಾನು ಎದ್ದು ಬಂದದ್ದು ತಪ್ಪಾಯ್ತಾ?"

ಗುಂಯ್‌ಗುಡುವುದು ನಿಲ್ಲಲಿಲ್ಲ. ಬೈದರೂ ಸಾಕಿತ್ತು. ಕೂತ್ಕೋ, ಏಳಬೇಡ ಎಂದು ಒಂದು ಸಲ ಗದರಿದರೂ ಸಾಕಿತ್ತು. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲ, ಗುಂಡಿ ಒತ್ತುವವರು ಯಾರೂ ಇಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಳಕು ಹೋಗುವ ತನಕ ಕಪಾಟಿಗೆ ಮುಖ ಮಾಡಿ ಕೂತಿದ್ದೆ. ನಡುವೆ ಒಂದು ಸಲ ತಲೆಯ ಮೇಲಿನ ಬಟ್ಟೆ ಜಾರಿತು, ಸರಿಮಾಡಿಕೊಂಡೆ.